ಔಷಧ ವಿನ್ಯಾಸಕ್ಕೆ ಬ್ಯಾಕ್ಟೀರಿಯಾದ ಕಿಣ್ವ: ಯಾವ ರಚನೆಯನ್ನು ನಂಬಿ ಕೆಲಸ ಶುರು ಮಾಡಬೇಕು?

ಆಷಾಢದ ಜಡಿಮಳೆಯ ಒಂದು ಸಂಜೆ ಹೊಸನಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಎಂ.ಎಸ್ಸಿ. ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ಇಲಿಜ್ವರದ ಬ್ಯಾಕ್ಟೀರಿಯಾ ಆರಿಸಿಕೊಂಡಿದ್ದಳು. "ಮೇಡಂ, ಆಲ್ಫಾಫೋಲ್ಡ್ ಸಾಕಾ, ಸ್ವಿಸ್-ಮಾಡೆಲ್‌ನಲ್ಲೂ ಮಾಡ್ಬೇಕಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ" ಅಂದಳು. ಎರಡೂ ಪ್ರೋಟೀನ್‌ನ ಮೂರು ಆಯಾಮದ ಆಕಾರವನ್ನು, ಅಂದರೆ ರಚನೆಯನ್ನು, ಕಂಪ್ಯೂಟರಿನಲ್ಲಿ ಊಹಿಸಿಕೊಡುವ ಸಾಧನಗಳು. "ನಿನ್ನ ಕಿಣ್ವ ಯಾವುದಮ್ಮಾ? ಅದರ ಕುಳಿಯಲ್ಲಿ ಲೋಹ ಇದೆಯಾ?" ಅಂತ ನಾನು ಕೇಳಿದೆ. ಆ ಕಡೆ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಈ ಮೌನ ನನಗೆ ಹೊಸದಲ್ಲ. ಶಿವಮೊಗ್ಗ, ಶಂಕರಘಟ್ಟ, ಸಾಗರದ ಕಡೆ ಜೀವವಿಜ್ಞಾನ ಓದುವ ಮಕ್ಕಳಲ್ಲಿ ಬಹಳಷ್ಟು ಜನ ಪ್ರಾಜೆಕ್ಟ್‌ಗೆ ಡಾಕಿಂಗ್ ಆರಿಸಿಕೊಳ್ಳುತ್ತಾರೆ. ಔಷಧದ ಅಣು ಕಿಣ್ವದಲ್ಲಿ ಹೇಗೆ, ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಂಕ ಕೊಡುವ ಕೆಲಸ ಅದು. ಲ್ಯಾಬಿನ ಖರ್ಚಿಲ್ಲ, ಒಂದು ಲ್ಯಾಪ್‌ಟಾಪ್ ಇದ್ದರೆ ಕೆಲಸ ನಡೆಯುತ್ತದೆ. ಆದರೆ ಎಲ್ಲರೂ ಮೊದಲು ಸಾಫ್ಟ್‌ವೇರ್ ಆರಿಸುತ್ತಾರೆ, ಕಿಣ್ವವನ್ನು ಆಮೇಲೆ ನೋಡುತ್ತಾರೆ. ಆಗಬೇಕಾದ್ದು ಇದರ ತಿರುವುಮುರುವು. ಔಷಧದ ಅಣು ಹೋಗಿ ಕೂರುವುದು ಕಿಣ್ವ ಕೆಲಸ ಮಾಡುವ ಕುಳಿಯಲ್ಲಿ. ಆ ಕುಳಿ ಯಾವ ರಚನೆಯಲ್ಲಿ ಹೆಚ್ಚು ಸಾಚಾ ಆಗಿ ಕಾಣುತ್ತದೋ ಅದೇ ನಿಮ್ಮ ಆಯ್ಕೆ. ವಿಧಾನ ಹಳೆಯದೋ ಹೊಸದೋ, ನೊಬೆಲ್ ಬಂದದ್ದೋ ಅಲ್ಲವೋ ಎಂಬುದು ಆಮೇಲಿನ ಮಾತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮಕ್ಕಳು "ಮಂಗನ ಕಾಯಿಲೆ ಮೇಲೆ ಮಾಡ್ತೀನಿ" ಅಂತ ಬರುತ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಅದು, ಆಸೆ ಸಹಜ. ಆದರೆ ಅದು ಉಣ್ಣೆ ಹುಳುವಿನಿಂದ ಹರಡುವ ವೈರಸ್. ಬ್ಯಾಕ್ಟೀರಿಯಾದ ಕಿಣ್ವವೇ ಬೇಕೆಂದರೆ ನಮ್ಮ ನೆಲದಲ್ಲಿ ಇಲಿಜ್ವರದ ಲೆಪ್ಟೋಸ್ಪೈರಾ ಇದೆ. ಇಲಿ, ದನಗಳ ಉಚ್ಚೆಯಿಂದ ಕೆಸರಿಗೆ ಸೇರಿ, ನಾಟಿ ಮಾಡುವವರ ಒಡೆದ ಹಿಮ್ಮಡಿಯ ಮೂಲಕ ಒಳಗೆ ಹೋಗುವ ಜೀವಿ. ಅದರ ಪೂರ್ತಿ ಜೀನೋಮ್ 2003ರಲ್ಲೇ ಪ್ರಕಟವಾಗಿದೆ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಕೆಲಸ ಮಾಡುತ್ತವೆ, ಹಾಗಾಗಿ ನಾವು ಇಲ್ಲಿ ಮಾಡುವುದನ್ನು ನಾಳೆಯೇ ಮದ್ದು ಕಂಡುಹಿಡಿಯುವ ಕೆಲಸ ಎಂದು ಊರಿಗೆ ಹೇಳಿಕೊಂಡು ಬರಬೇಡಿ. ಇದು ಹುಡುಕಾಟದ ಮೊದಲ ಮೆಟ್ಟಿಲು.

ಲ್ಯಾಬಿನಲ್ಲಿ ಕಂಡ ರಚನೆ ಇದ್ದರೆ

ಮೊದಲು ಹುಡುಕಬೇಕಾದ ಜಾಗ ಪ್ರೋಟೀನ್ ಡೇಟಾ ಬ್ಯಾಂಕ್, ಬಾಯಿಮಾತಿನಲ್ಲಿ ಪಿಡಿಬಿ. 1971ರಲ್ಲಿ ಏಳೇ ರಚನೆಗಳಿಂದ ಶುರುವಾದ ಈ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಎಕ್ಸ್-ರೇ ಸ್ಫಟಿಕ ವಿಧಾನದಿಂದಲೋ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೋ ಕಂಡುಕೊಂಡವು, ಪುಕ್ಕಟೆ ಸಿಗುತ್ತವೆ. ನಿಮ್ಮ ಕಿಣ್ವ ಇಲ್ಲಿದ್ದು, ಅದರ ಕುಳಿಯಲ್ಲಿ ಯಾವುದಾದರೂ ಪ್ರತಿರೋಧಕ ಅಣು ಕೂತಿರುವ ರಚನೆಯೂ ಇದ್ದರೆ, ಮಾಡೆಲಿಂಗ್ ಯೋಚನೆ ಬಿಟ್ಟುಬಿಡಿ. "ಮಾಡೆಲ್ ಮಾಡದಿದ್ದರೆ ಪ್ರಾಜೆಕ್ಟ್ ಸಣ್ಣದಾಗುತ್ತೆ" ಎಂಬ ಹೆದರಿಕೆಯಿಂದ ಇರುವ ಸ್ಫಟಿಕ ರಚನೆ ಬಿಟ್ಟು ಮಾಡೆಲ್ ಕಟ್ಟಿದವರನ್ನು ನೋಡಿದ್ದೇನೆ. ಬಾವಿ ಮನೆ ಬಾಗಿಲಲ್ಲಿದ್ದರೂ ಹೊಳೆಗೆ ಹೋಗಿ ನೀರು ಹೊತ್ತ ಹಾಗೆ.

ಹಾಗಂತ ಪಿಡಿಬಿಯಲ್ಲಿ ಸಿಕ್ಕಿದ್ದೆಲ್ಲ ಸಮನಲ್ಲ. ರೆಸಲ್ಯೂಶನ್, ಅಂದರೆ ರಚನೆ ಎಷ್ಟು ಸೂಕ್ಷ್ಮವಾಗಿ ಕಂಡಿದೆ ಎಂಬ ಅಳತೆ, ನೋಡಿ. 2 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವ ಅತಿ ಸಣ್ಣ ಅಳತೆ) ಅಥವಾ ಅದಕ್ಕಿಂತ ಚಿಕ್ಕ ಸಂಖ್ಯೆ ಇದ್ದರೆ ಕುಳಿಯ ಸುತ್ತಲಿನ ಅಮೈನೋ ಆಮ್ಲಗಳ ಪಕ್ಕಸರಪಳಿಗಳು ಸ್ಪಷ್ಟವಾಗಿ ಕಂಡಿರುತ್ತವೆ. 3 ಆಂಗ್‌ಸ್ಟ್ರಾಮ್ ಹತ್ತಿರ ಬಂದರೆ ಬೆನ್ನೆಲುಬು ಸರಿ ಇರಬಹುದು, ಪಕ್ಕಸರಪಳಿ ಯಾವ ಕಡೆ ತಿರುಗಿದೆ ಎಂಬುದರಲ್ಲಿ ಊಹೆ ಸೇರಿರುತ್ತದೆ. ಆಮೇಲೆ, ಕುಳಿಯ ಬಾಯಲ್ಲಿರುವ ಲೂಪ್ (ಸರಪಳಿಯ ಸಡಿಲ ಕುಣಿಕೆ) ಪೂರ್ತಿ ಇದೆಯೇ ನೋಡಿ. ಅಲುಗಾಡುವ ಭಾಗಗಳು ಸ್ಫಟಿಕದಲ್ಲಿ ಕಾಣದೆ ಫೈಲಿನಿಂದಲೇ ಬಿಟ್ಟುಹೋಗಿರುತ್ತವೆ.

ಖಾಲಿ ಕುಳಿಯ ರಚನೆಗಿಂತ ಅಣು ಕೂತ ರಚನೆ ಮೇಲು ಎನ್ನಲು ಕಾರಣವಿದೆ. ಬೇಸಿಗೆಯಲ್ಲಿ ಅಳತೆ ತೆಗೆದು ಕೂರಿಸಿದ ಬಾಗಿಲು ಮಳೆಗಾಲಕ್ಕೆ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಕಿಣ್ವವೂ ಹಾಗೆಯೇ. ಮುರ್-ಎ ಎಂಬ ಕಿಣ್ವ ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟುವ ಸಾಲಿನಲ್ಲಿ ಮೊದಲಿನದು. ತನ್ನ ಕಚ್ಚಾವಸ್ತು ಬಂದು ಕೂತೊಡನೆ ಅದರ ಎರಡು ಭಾಗಗಳು ಹತ್ತಿರ ಸರಿದು ಕುಳಿ ಮುಚ್ಚಿಕೊಳ್ಳುತ್ತದೆ. ತೆರೆದ ಸ್ಥಿತಿಯ ರಚನೆಯಲ್ಲಿ ಡಾಕಿಂಗ್ ಮಾಡಿದರೆ ಬರುವ ಉತ್ತರವೇ ಬೇರೆ, ಮುಚ್ಚಿದ ಸ್ಥಿತಿಯಲ್ಲಿ ಬರುವುದೇ ಬೇರೆ.

ಹತ್ತಿರದ ನೆಂಟರನ್ನು ನೋಡಿ ಕಟ್ಟುವ ಮಾಡೆಲ್

ನಿಮ್ಮ ಕಿಣ್ವದ್ದು ಇಲ್ಲ, ಆದರೆ ಇನ್ನೊಂದು ಬ್ಯಾಕ್ಟೀರಿಯಾದ ಅದೇ ಕಿಣ್ವದ ರಚನೆ ಪಿಡಿಬಿಯಲ್ಲಿದೆ. ಅದನ್ನು ಟೆಂಪ್ಲೇಟ್ ಆಗಿಟ್ಟುಕೊಂಡು ಕಟ್ಟುವುದು ಹೋಮಾಲಜಿ ಮಾಡೆಲಿಂಗ್. ಎರಡರ ಅಮೈನೋ ಆಮ್ಲಗಳ ಸರಣಿ ನೂರಕ್ಕೆ 50ಕ್ಕಿಂತ ಹೆಚ್ಚು ಹೊಂದಿದರೆ ಧೈರ್ಯವಾಗಿ ಮುಂದುವರಿಯಬಹುದು. 30ರ ಕೆಳಗೆ ಇಳಿದರೆ ಸರಣಿಗಳನ್ನು ಸಾಲಾಗಿ ಜೋಡಿಸುವುದರಲ್ಲೇ ತಪ್ಪಾಗುವ ಸಂಭವ ಹೆಚ್ಚು, ಅಲ್ಲಿ ತಪ್ಪಿದರೆ ಮಾಡೆಲ್ ಎಷ್ಟು ಚೆಂದ ಕಂಡರೂ ಬುಡವೇ ಸರಿಯಿಲ್ಲ ಎಂದರ್ಥ.

ಇದರಲ್ಲಿ ಎರಡು ದಾರಿ. ಸ್ವಿಸ್-ಮಾಡೆಲ್ 1993ರಿಂದ ಇರುವ ಸ್ವಯಂಚಾಲಿತ ಸರ್ವರ್, ಬಾಸೆಲ್‌ನವರದು. ಸರಣಿ ಹಾಕಿದರೆ ಟೆಂಪ್ಲೇಟ್ ಹುಡುಕುವುದರಿಂದ ಹಿಡಿದು ಗುಣಮಟ್ಟದ ಅಂಕ ಕೊಡುವ ತನಕ ಅದೇ ಮಾಡುತ್ತದೆ. ಅದರ ಒಂದು ಗುಣ ನನಗೆ ತುಂಬಾ ಇಷ್ಟ. ಟೆಂಪ್ಲೇಟ್‌ನ ಕುಳಿಯಲ್ಲಿ ಸತುವಿನಂಥ ಅಯಾನು ಅಥವಾ ಸಹಕಿಣ್ವ ಇದ್ದು, ಅದನ್ನು ಹಿಡಿದಿರುವ ಅಮೈನೋ ಆಮ್ಲಗಳು ನಿಮ್ಮ ಕಿಣ್ವದಲ್ಲೂ ಉಳಿದಿದ್ದರೆ, ಅದನ್ನು ಮಾಡೆಲ್‌ಗೂ ತಂದು ಕೂರಿಸುತ್ತದೆ. ಮಾಡೆಲರ್ ಎಂಬುದು ಇನ್ನೊಂದು, ಅದೂ 1993ರ ಕಾಲದ್ದೇ. ಶೈಕ್ಷಣಿಕ ಬಳಕೆಗೆ ಪುಕ್ಕಟೆ ಕೀಲಿ ಸಿಗುತ್ತದೆ, ಪೈಥಾನ್ ಸ್ವಲ್ಪ ಬರಬೇಕು. ಎರಡು ಮೂರು ಟೆಂಪ್ಲೇಟ್ ಒಟ್ಟಿಗೆ ಬಳಸಬೇಕು, ಒಂದು ಲೂಪ್ ಮಾತ್ರ ಮತ್ತೆ ಕಟ್ಟಬೇಕು, ಜೋಡಣೆಯನ್ನು ಕೈಯಿಂದ ತಿದ್ದಬೇಕು ಎಂದಿದ್ದರೆ ಇದೇ ಸರಿ. ಬರೀ ಒಂದು ಮಾಡೆಲ್ ಬೇಕಾದವರು ಇದಕ್ಕೆ ಕೈಹಾಕಿ ತಿಂಗಳು ಕಳೆಯುವ ಅಗತ್ಯವಿಲ್ಲ.

ನೆಂಟರನ್ನು ನಂಬುವಾಗ ಒಂದು ಎಚ್ಚರ ಬೇಕು. ಮುರ್-ಎ ಕಿಣ್ವಕ್ಕೇ ಮತ್ತೆ ಬರುತ್ತೇನೆ. ಇ. ಕೊಲೈನಲ್ಲಿ ಅದರ ಕುಳಿಯ 115ನೇ ಜಾಗದಲ್ಲಿ ಸಿಸ್ಟೀನ್ ಇದೆ. ಫಾಸ್ಫೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಆ ಸಿಸ್ಟೀನ್‌ಗೆ ರಾಸಾಯನಿಕವಾಗಿ ಅಂಟಿಕೊಂಡು ಕಿಣ್ವವನ್ನು ನಿಲ್ಲಿಸುತ್ತದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಅದೇ ಜಾಗದಲ್ಲಿರುವುದು ಆಸ್ಪಾರ್ಟಿಕ್ ಆಮ್ಲ. ಅಂಟಲು ಜಾಗವೇ ಇಲ್ಲ, ಹಾಗಾಗಿ ಆ ಔಷಧ ಅಲ್ಲಿ ನಾಟುವುದಿಲ್ಲ. ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ! ಒಟ್ಟು ಹೋಲಿಕೆ ನೂರಕ್ಕೆ ಎಷ್ಟು ಎಂದು ನೋಡಿ ಬಿಟ್ಟರೆ ಇದು ಕಣ್ಣಿಗೇ ಬೀಳುವುದಿಲ್ಲ. ಕುಳಿಯ ಸುತ್ತಲಿನ ಹತ್ತು ಹದಿನೈದು ಅಮೈನೋ ಆಮ್ಲಗಳನ್ನು ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆದು, ಬೆರಳಿಟ್ಟು ಹೋಲಿಸಿ. ಈ ಅರ್ಧ ಗಂಟೆಯ ಕೆಲಸವನ್ನು ಯಾವ ಸರ್ವರ್ ಕೂಡ ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಆಲ್ಫಾಫೋಲ್ಡ್

ಅಮೈನೋ ಆಮ್ಲಗಳ ಸರಣಿಯಿಂದ ಪ್ರೋಟೀನ್‌ನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಇದು. ಇದರ ಸಾಧನೆ ದೊಡ್ಡದು. ಪ್ರೋಟೀನ್ ರಚನೆ ಊಹಿಸುವ 2020ರ ಸ್ಪರ್ಧೆಯಲ್ಲಿ ಅದು ತೋರಿದ ನಿಖರತೆ ಇಡೀ ಕ್ಷೇತ್ರವನ್ನೇ ಅಲ್ಲಾಡಿಸಿತು. 2022ರ ಹೊತ್ತಿಗೆ ಅದರ ಭಂಡಾರದಲ್ಲಿ 20 ಕೋಟಿಗೂ ಮಿಕ್ಕಿ ಪ್ರೋಟೀನ್‌ಗಳ ಮಾಡೆಲ್ ಸೇರಿದ್ದವು. ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಪ್ರೋಟೀನ್ ವಿನ್ಯಾಸದ ಡೇವಿಡ್ ಬೇಕರ್ ಅವರೊಂದಿಗೆ, 2024ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಹತ್ತಿರದ ಟೆಂಪ್ಲೇಟ್ ಒಂದೂ ಇಲ್ಲದ ಕಿಣ್ವಕ್ಕೆ ಮೊದಲು ನಾವು ಕೈಚೆಲ್ಲಿ ಕೂರುತ್ತಿದ್ದೆವು. ಈಗ ಹಾಗಿಲ್ಲ. ಭದ್ರಾವತಿಯ ಹಾಸ್ಟೆಲ್ ಕೋಣೆಯಲ್ಲಿ ಕೂತ ವಿದ್ಯಾರ್ಥಿಗೂ ಅದೇ ಫೈಲ್ ಸಿಗುತ್ತದೆ, ಕೇಂಬ್ರಿಜ್‌ನವರಿಗೂ ಅದೇ. ನನಗೆ ಇದು ಸಣ್ಣ ಸಂಗತಿಯಲ್ಲ.

ಓದುವ ಕ್ರಮ ಮಾತ್ರ ಕಲಿಯಬೇಕು. ಪ್ರತಿ ಅಮೈನೋ ಆಮ್ಲಕ್ಕೂ ಅದು 100ಕ್ಕೆ ಒಂದು ಭರವಸೆಯ ಅಂಕ ಕೊಡುತ್ತದೆ, ಪಿಎಲ್‌ಡಿಡಿಟಿ ಅಂತ. 90ಕ್ಕೆ ಮೇಲೆ ಕಡುನೀಲಿ, 70ರಿಂದ 90 ತಿಳಿನೀಲಿ, ಅದರ ಕೆಳಗೆ ಹಳದಿ, 50ಕ್ಕಿಂತ ಕಡಿಮೆ ಕಿತ್ತಳೆ. ಇಡೀ ಪ್ರೋಟೀನ್‌ನ ಸರಾಸರಿ ನೋಡಿ ಸಮಾಧಾನಪಡಬೇಡಿ, ಕುಳಿಯ ಬಣ್ಣ ನೋಡಿ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಈ ಅಂಕ ಕೂತಿರುವುದು ಸ್ಫಟಿಕ ರಚನೆಗಳಲ್ಲಿ ಬಿ-ಫ್ಯಾಕ್ಟರ್ ಇರುವ ಕಾಲಂನಲ್ಲಿ. ಬಿ-ಫ್ಯಾಕ್ಟರ್ ಹೆಚ್ಚಿದ್ದರೆ ಆ ಭಾಗ ಅಲುಗಾಡುತ್ತಿದೆ, ನಂಬಿಕೆ ಕಡಿಮೆ. ಪಿಎಲ್‌ಡಿಡಿಟಿ ಹೆಚ್ಚಿದ್ದರೆ ನಂಬಿಕೆ ಹೆಚ್ಚು. ಒಂದೇ ಕಾಲಂ, ಉಲ್ಟಾ ಅರ್ಥ. ಇದನ್ನು ಅದಲುಬದಲು ಓದಿ ವರದಿ ಬರೆದವರಿದ್ದಾರೆ.

ಇನ್ನು ಅದರ ಕೊರತೆ. ಈ ಭಂಡಾರದ ಮಾಡೆಲ್‌ಗಳಲ್ಲಿ ಪ್ರೋಟೀನ್ ಮಾತ್ರ ಇರುತ್ತದೆ. ಲೋಹ ಇಲ್ಲ, ಸಹಕಿಣ್ವ ಇಲ್ಲ, ನೀರಿಲ್ಲ. ಈ ಸಾಲನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅರ್ಥವಾದದ್ದು ನನ್ನದೇ ಮಾರ್ಗದರ್ಶನದ ಒಂದು ಪ್ರಾಜೆಕ್ಟ್ ಹಾಳಾದಾಗ. ಪೆಪ್ಟೈಡ್ ಡಿಫಾರ್ಮಿಲೇಸ್ ಎಂಬ ಕಿಣ್ವ. ಬ್ಯಾಕ್ಟೀರಿಯಾ ಹೊಸದಾಗಿ ಕಟ್ಟಿದ ಪ್ರೋಟೀನ್‌ನ ತುದಿಯಿಂದ ಫಾರ್ಮಿಲ್ ಗುಂಪನ್ನು ಕತ್ತರಿಸುವುದು ಇದರ ಕೆಲಸ. ಹುಡುಗ ನಿಷ್ಠೆಯಿಂದ ಆರು ವಾರ ಕೂತು ಗಿಡಮೂಲಿಕೆಗಳ ನೂರಾರು ಅಣುಗಳನ್ನು ಡಾಕ್ ಮಾಡಿದ್ದ. ಒಂದು ಅಣುವಿಗೆ ಒಳ್ಳೆಯ ಅಂಕ ಬಂದಿತ್ತು, ಇಬ್ಬರೂ ಖುಷಿಯಾಗಿದ್ದೆವು. ವರದಿಗೆ ಚಿತ್ರ ತೆಗೆಯಲು ಪರದೆಯ ಮೇಲೆ ಕುಳಿಯನ್ನು ದೊಡ್ಡದು ಮಾಡಿದೆ. ಎರಡು ಹಿಸ್ಟಿಡಿನ್, ಒಂದು ಸಿಸ್ಟೀನ್, ಮೂರೂ ಒಳಮುಖವಾಗಿ ಏನನ್ನೋ ಹಿಡಿದುಕೊಂಡ ಹಾಗೆ ಬಾಗಿವೆ. ಅವುಗಳ ನಡುವೆ ನಮ್ಮ ಅಣುವಿನ ಉಂಗುರ ನೆಮ್ಮದಿಯಾಗಿ ಕೂತಿದೆ. ಅದು ಲೋಹದ ಅಯಾನು ಇರಬೇಕಾದ ಜಾಗ. ಜೀವಂತ ಕಿಣ್ವದಲ್ಲಿ ಆ ಜಾಗ ಖಾಲಿಯೇ ಇರುವುದಿಲ್ಲ. ಲೋಹ ಸೇರಿಸಿ ಮತ್ತೆ ಮಾಡಿದಾಗ ಆ ಅಣು ಪಟ್ಟಿಯ ತಳಕ್ಕೆ ಹೋಯಿತು. ಮೊದಲ ದಿನವೇ ನಾನು ಆ ಕುಳಿಯನ್ನು ತೆರೆದು ನೋಡಬೇಕಿತ್ತು. ಹುಡುಗನ ಮುಖ ಈಗಲೂ ಕಣ್ಣ ಮುಂದಿದೆ.

ಸ್ಫಟಿಕ ರಚನೆ ಇಟ್ಟುಕೊಂಡವರೂ ಇದೇ ಹಳ್ಳಕ್ಕೆ ಬೀಳಬಹುದು. ಪಿಡಿಬಿ ಫೈಲಿನಲ್ಲಿ ಪ್ರೋಟೀನ್‌ನ ಸಾಲುಗಳು "ಆಟಮ್" ಎಂದು ಶುರುವಾದರೆ, ಲೋಹ, ನೀರು, ಔಷಧದ ಅಣು ಎಲ್ಲ "ಹೆಟ್‌ಆಟಮ್" ಸಾಲುಗಳಲ್ಲಿ ಇರುತ್ತವೆ. ಯೂಟ್ಯೂಬಿನ ಎಷ್ಟೋ ಪಾಠಗಳು "ಹೆಟ್‌ಆಟಮ್ ಎಲ್ಲ ಅಳಿಸಿ" ಎಂದೇ ಆರಂಭವಾಗುತ್ತವೆ. ನೀರಿನ ಜೊತೆ ಸತುವೂ ಹೋಗುತ್ತದೆ. ಅಳಿಸುವ ಮುಂಚೆ ಒಂದೊಂದೇ ಸಾಲು ಓದಿ.

ಆಲ್ಫಾಫೋಲ್ಡ್‌ಗೆ ಕೊಡಬಾರದ ಇನ್ನೊಂದು ಕೆಲಸ: ಔಷಧಕ್ಕೆ ಬಗ್ಗದ ತಳಿಯ ಒಂದು ಅಮೈನೋ ಆಮ್ಲ ಬದಲಿಸಿ ಮಾಡೆಲ್ ಕೇಳಿ, ಆಕಾರದ ವ್ಯತ್ಯಾಸ ಓದುವುದು. ಹೆಚ್ಚಿನ ಸಲ ಮೊದಲಿನ ಆಕಾರವನ್ನೇ ಮತ್ತೆ ಕೊಡುತ್ತದೆ.

2024ರ ಆಲ್ಫಾಫೋಲ್ಡ್ 3 ಲೋಹ ಮತ್ತು ಸಣ್ಣ ಅಣುಗಳನ್ನೂ ಸೇರಿಸಿ ಊಹಿಸುತ್ತದೆ, ಇದು ನಿಜವಾದ ಹೆಜ್ಜೆ. ಆದರೆ ಅದರ ಸರ್ವರ್‌ನ ಫಲಿತಾಂಶವನ್ನು ಡಾಕಿಂಗ್‌ಗೆ ಬಳಸುವುದಕ್ಕೆ ಷರತ್ತುಗಳಲ್ಲಿ ನಿರ್ಬಂಧ ಹಾಕಿದ್ದಾರೆ, ಒಪ್ಪಿಗೆ ಒತ್ತುವ ಮುಂಚೆ ಓದಿ. ಬೋಲ್ಟ್ಜ್ ಎಂಬ ಮುಕ್ತ ತಂತ್ರಾಂಶ ಇದೇ ಬಗೆಯದು, ಅದಕ್ಕೆ ಒಳ್ಳೆಯ ಜಿಪಿಯು (ಗ್ರಾಫಿಕ್ಸ್ ಚಿಪ್) ಬೇಕು. ಇಎಸ್ಎಂಫೋಲ್ಡ್ ಎಂಬ ಇನ್ನೊಂದು ಊಹೆಯ ಸಾಧನ ಬೇಗ ಮುಗಿಸುತ್ತದೆ, ನಿಖರತೆ ಕಡಿಮೆ, ನಮ್ಮ ಕೆಲಸಕ್ಕೆ ಅದರ ಅಗತ್ಯ ಬೀಳುವುದು ಅಪರೂಪ.

ಮಳೆ, ಕರೆಂಟು, ನೆಟ್‌ವರ್ಕು

ಇದನ್ನು ಯಾವ ಪಠ್ಯಪುಸ್ತಕವೂ ಬರೆಯುವುದಿಲ್ಲ, ಆದರೆ ಜುಲೈನಲ್ಲಿ ತೀರ್ಥಹಳ್ಳಿಯ ಒಳಗಿನ ಹಳ್ಳಿಯಲ್ಲಿ ಕೂತು ಕೆಲಸ ಮಾಡುವವರ ಆಯ್ಕೆ ಇದರ ಮೇಲೂ ನಿಂತಿದೆ. ಸಿದ್ಧ ಮಾಡೆಲ್ ಇಳಿಸಿಕೊಳ್ಳುವುದು ಸುಲಭ, ಚಿಕ್ಕ ಕಿಣ್ವದ ಫೈಲ್ ಒಂದು ಫೋಟೋದಷ್ಟೂ ಇರುವುದಿಲ್ಲ. ಸ್ವಿಸ್-ಮಾಡೆಲ್‌ಗೆ ಕೆಲಸ ಒಪ್ಪಿಸಿ ಇಮೇಲ್ ಕೊಟ್ಟು ಲ್ಯಾಪ್‌ಟಾಪ್ ಮುಚ್ಚಬಹುದು, ಅವರ ಕಂಪ್ಯೂಟರ್ ಅಲ್ಲಿ ಓಡುತ್ತಿರುತ್ತದೆ. ಮಾಡೆಲರ್ ಒಮ್ಮೆ ಹಾಕಿಕೊಂಡರೆ ನೆಟ್ಟೇ ಬೇಡ, ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಕಷ್ಟ ಕೊಡುವುದು ಕೋಲ್ಯಾಬ್‌ಫೋಲ್ಡ್. ಗೂಗಲ್ ಕೋಲ್ಯಾಬ್‌ನ ಪುಕ್ಕಟೆ ಜಿಪಿಯು ಮೇಲೆ ಆಲ್ಫಾಫೋಲ್ಡ್ ಓಡಿಸುವ ಒಳ್ಳೆಯ ಸಾಧನ, ಭಂಡಾರದಲ್ಲಿ ಇಲ್ಲದ ಸರಣಿಗೆ ಅಥವಾ ಎರಡು ಸರಪಳಿ ಕೂಡಿ ಕೆಲಸ ಮಾಡುವ ಕಿಣ್ವಕ್ಕೆ ಅದೇ ಗತಿ. ಆದರೆ ಬ್ರೌಸರ್ ಸಂಪರ್ಕ ಹೆಚ್ಚು ಹೊತ್ತು ಕಡಿದರೆ ಸೆಷನ್ ಸಾಯುತ್ತದೆ, ಅರ್ಧ ಆದ ಕೆಲಸವೂ ಹೋಗುತ್ತದೆ. ಆ ಒಂದು ಕೆಲಸಕ್ಕಾಗಿ ಶಿವಮೊಗ್ಗಕ್ಕೆ ಬಂದು ಕಾಲೇಜಿನ ಲ್ಯಾಬಿನಲ್ಲಿ ಅರ್ಧ ದಿನ ಕೂರುವುದು ಮೇಲು.

ಆಯ್ಕೆಯಾದ ಮೇಲೆ

ಮಾಡೆಲ್ ಯಾವುದೇ ಇರಲಿ, ರಾಮಚಂದ್ರನ್ ನಕ್ಷೆ ನೋಡಿ. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಕೊಟ್ಟದ್ದು, ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. ಬೆನ್ನೆಲುಬಿನ ತಿರುವುಗಳು ಸಾಧ್ಯವಾದ ಕೋನದಲ್ಲಿವೆಯೇ ಎಂದು ಅದು ಹೇಳುತ್ತದೆ. ಕುಳಿ ಸರಿಯಿದೆಯೇ ಎಂದು ಹೇಳುವುದಿಲ್ಲ. ನಕ್ಷೆ ಚೆನ್ನಾಗಿ ಬಂದ ಎಷ್ಟೋ ಮಾಡೆಲ್‌ಗಳ ಕುಳಿ ಕೆಟ್ಟಿರುತ್ತದೆ.

ಡಾಕಿಂಗ್‌ಗೆ ಆಟೋಡಾಕ್ ವಿನಾ ಸಾಕು. ಪುಕ್ಕಟೆ, ವೇಗ. ಲೋಹದ ವಿಷಯದಲ್ಲಿ ಅದು ಸೊರಗುತ್ತದೆ, ಸತು ಇರುವ ಕಿಣ್ವಕ್ಕೆ ಆಟೋಡಾಕ್ 4ರ ಸತುವಿಗೆಂದೇ ಮಾಡಿದ ಲೆಕ್ಕಾಚಾರ ಬಳಸಿ. ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಚೆನ್ನಾಗಿವೆ, ಪ್ರಾಜೆಕ್ಟ್ ಮಟ್ಟಕ್ಕೆ ಬೇಡ. ಮೊದಲು ಸ್ಫಟಿಕದಲ್ಲಿ ಕೂತಿದ್ದ ಅಣುವನ್ನೇ ತೆಗೆದು ಮತ್ತೆ ಡಾಕ್ ಮಾಡಿ. ಅದು ತನ್ನ ಮೂಲ ಜಾಗದಿಂದ 2 ಆಂಗ್‌ಸ್ಟ್ರಾಮ್ ಒಳಗೆ ಬಂದು ಕೂತರೆ ಮುಂದುವರಿಯಿರಿ. ಕೂರದಿದ್ದರೆ ಹೊಸ ಅಣುಗಳ ಅಂಕಕ್ಕೆ ಬೆಲೆಯಿಲ್ಲ. ಅಂಕದ ಸಣ್ಣ ವ್ಯತ್ಯಾಸಕ್ಕೂ ಮರುಳಾಗಬೇಡಿ. ವಿನಾ ರೂಪಿಸಿದವರೇ ಅದರ ಊಹೆಯ ದೋಷವನ್ನು ಸುಮಾರು 2.85 ಕಿಲೋಕ್ಯಾಲರಿ ಎಂದು 2010ರಲ್ಲಿ ಬರೆದಿದ್ದಾರೆ. ಹಾಗಿರುವಾಗ ಮೈನಸ್ 8.1 ಮತ್ತು ಮೈನಸ್ 8.4ರ ನಡುವೆ ಯಾರು ಗೆದ್ದರು ಎಂದು ಬರೆಯುವುದು ಹೇಗೆ?

ಅಣುವಿನ ಆಯ್ಕೆಯಲ್ಲೂ ಎಡವುವವರು ಬಹಳ. ಕ್ಷಯದ ಇನ್ಹ್-ಎ ಕಿಣ್ವಕ್ಕೆ ಐಸೋನಿಯಾಜಿಡ್ ಮಾತ್ರೆಯ ಅಣುವನ್ನು ನೇರ ಡಾಕ್ ಮಾಡಿ "ಹೋಲಿಕೆಗೆ" ಎಂದು ಇಡುತ್ತಾರೆ. ಆ ಔಷಧ ಹಾಗೆ ಕೆಲಸ ಮಾಡುವುದೇ ಇಲ್ಲ. ಬ್ಯಾಕ್ಟೀರಿಯಾದೊಳಗೆ ಕ್ಯಾಟ್-ಜಿ ಎಂಬ ಇನ್ನೊಂದು ಕಿಣ್ವ ಅದನ್ನು ಮಾರ್ಪಡಿಸಿ, ಅದು ಎನ್ಎಡಿ ಎಂಬ ಸಹಕಿಣ್ವದ ಜೊತೆ ಕೂಡಿದ ಮೇಲೆಯೇ ಇನ್ಹ್-ಎಯನ್ನು ಹಿಡಿಯುವುದು. ಡಾಕ್ ಮಾಡಬೇಕಾದ್ದು ಆ ಕೂಡಿದ ಅಣುವನ್ನು. ಇನ್ನು ನಮ್ಮ ಅರಿಶಿನದ ಕರ್ಕ್ಯುಮಿನ್, ಎಲ್ಲ ಪಟ್ಟಿಯಲ್ಲೂ ಮೇಲೆ ಬರುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲೂ ಅದು ಸಿಕ್ಕಸಿಕ್ಕಲ್ಲಿ ಸುಳ್ಳು ಫಲಿತಾಂಶ ಕೊಡುವ ಅಣು ಎಂದು ಔಷಧ ರಸಾಯನದವರು ಎಚ್ಚರಿಸಿದ್ದಾರೆ. ಮನೆಯ ಮೇಲಿನ ಪ್ರೀತಿಯಿಂದ ಅದನ್ನು ಗೆಲ್ಲಿಸಬೇಡಿ.

ಹೊಸನಗರದ ಹುಡುಗಿಗೆ ಹೇಳಿದ್ದನ್ನು ಬರೆಯುತ್ತೇನೆ. ಅವಳ ಕಿಣ್ವವೂ ಅದೇ ಪೆಪ್ಟೈಡ್ ಡಿಫಾರ್ಮಿಲೇಸ್ ಎಂದು ಮರುದಿನ ಗೊತ್ತಾಯಿತು. ಲೆಪ್ಟೋಸ್ಪೈರಾದ ಈ ಕಿಣ್ವಕ್ಕೆ ಸ್ಫಟಿಕ ರಚನೆ ಇದೆ, ಆ್ಯಕ್ಟಿನೋನಿನ್ ಎಂಬ ಪ್ರತಿರೋಧಕ ಕೂತ ರಚನೆಯೂ ಇದೆ. ಹಾಗಾಗಿ ಮಾಡೆಲ್ ಬೇಡ ಅಂದೆ. ಅವಳ ಗೆಳೆಯನದು ಎನ್‌ಡಿಎಂ-1, ಆ್ಯಂಟಿಬಯೋಟಿಕ್‌ಗಳನ್ನು ಕತ್ತರಿಸಿಹಾಕುವ ಕಿಣ್ವ. ಅದಕ್ಕೂ ಸ್ಫಟಿಕ ರಚನೆಗಳು ಬೇಕಾದಷ್ಟಿವೆ, ಕುಳಿಯಲ್ಲಿ ಎರಡು ಸತು, ಎರಡನ್ನೂ ಉಳಿಸಿಕೊಳ್ಳಲು ಹೇಳಿದೆ. ಇನ್ನೊಬ್ಬ ಶುಂಠಿಯ ಹಸಿಕೊಳೆ ರೋಗದ ರಾಲ್‌ಸ್ಟೋನಿಯಾ ಹಿಡಿದಿದ್ದ. ಕೊಳೆತ ಶುಂಠಿಯ ಕಾಂಡ ಕತ್ತರಿಸಿ ಲೋಟದ ನೀರಲ್ಲಿಟ್ಟರೆ ಹಾಲಿನ ಎಳೆಯಂತೆ ಇಳಿಯುತ್ತದಲ್ಲ, ಆ ಬ್ಯಾಕ್ಟೀರಿಯಾ. ಅವನು ಆರಿಸಿದ ಕಿಣ್ವದ ರಚನೆ ಹುಡುಕಿದಾಗ ಸಿಗಲಿಲ್ಲ, ಹತ್ತಿರದ ಟೆಂಪ್ಲೇಟ್ ಸಿಕ್ಕಿತು. ಸ್ವಿಸ್-ಮಾಡೆಲ್‌ದೂ ಆಲ್ಫಾಫೋಲ್ಡ್‌ದೂ ಎರಡೂ ತೆಗೆದು, ಒಂದರ ಮೇಲೊಂದು ಕೂರಿಸಿ, ಕುಳಿಯಲ್ಲಿ ಎರಡೂ ಒಪ್ಪುತ್ತವೆಯೇ ನೋಡು ಅಂದೆ. ಒಪ್ಪದ ಜಾಗದಲ್ಲಿ ಟೆಂಪ್ಲೇಟ್‌ನ ರೆಸಲ್ಯೂಶನ್ ಮತ್ತು ಆಲ್ಫಾಫೋಲ್ಡ್‌ನ ಬಣ್ಣ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ತೀರ್ಮಾನಿಸಬೇಕು.

ಹುಡುಗಿ ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಆ್ಯಕ್ಟಿನೋನಿನ್ ತೆಗೆದು ಮತ್ತೆ ಡಾಕ್ ಮಾಡಿದ್ದಾಳೆ, 1.3 ಆಂಗ್‌ಸ್ಟ್ರಾಮ್ ಬಂದಿದೆ. "ಲೋಹ ಇಟ್ಟಿದ್ದೀಯಾ?" ಅಂತ ಕೇಳಿದೆ. "ಇಟ್ಟೀನಿ ಮೇಡಂ, ಮೊದ್ಲು ಅದನ್ನೇ ನೋಡಿದ್ದು" ಅಂದಳು.